ರೂನಾ ಕೂಗಿದ ಒಂಬತ್ತು ಹೆಸರು

ರೂನಾ ಸ್ಟೆನ್‌ವಾಲ್ ಅವರನ್ನು ನಾನು ಮೊದಲು ಕಂಡದ್ದು ಆಗಸ್ಟ್ ಕೊನೆಯ ಒಂದು ಗುರುವಾರ, ಬೆಳಗ್ಗೆ ಹತ್ತೂಕಾಲಿಗೆ. ಅವರಿಗೆ ಕೊಟ್ಟಿದ್ದ ಸಮಯ ಒಂಬತ್ತೂವರೆ. ನೂರ ಅರವತ್ತು ಕಿಲೋಮೀಟರ್ ದೂರದ ಒಳನಾಡಿನಿಂದ ನಮ್ಮ ಕರಾವಳಿ ಪಟ್ಟಣಕ್ಕೆ ಬರಬೇಕಾದವರು, ದಾರಿಯಲ್ಲಿ ತಡವಾಗಿರಬೇಕು ಎಂದುಕೊಂಡೆ. ಆದರೆ ಅವರು ಎಂಟು ಗಂಟೆಗೇ ಬಂದು ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಒಳಗೇ ಕೂತಿದ್ದರಂತೆ. ಇಳಿಯಲು ಒಪ್ಪಿರಲಿಲ್ಲ.

ಗಿಡ್ಡ ಹೆಂಗಸು, ಅಗಲವಾದ ಭುಜ. ತಾನೇ ಕತ್ತರಿಸಿಕೊಂಡಂತಿದ್ದ ನರೆಗೂದಲು. ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಬಲಗೈಯಲ್ಲಿ ಐಸ್‌ಕ್ರೀಮಿನ ಹಳೆಯ ಡಬ್ಬಿ ಹಿಡಿದಿದ್ದರು, ಅದರ ಹೊರಮೈ ಮಂಜುಗಟ್ಟಿತ್ತು. ಹಿಂದೆ ಅವರ ಗಂಡ ಹಿಲ್ಡಿಂಗ್. ಹೆಂಡತಿಗಿಂತ ಎರಡು ಗೇಣು ಎತ್ತರ, ಆದರೆ ಬಾಗಿಲಲ್ಲಿ ತಲೆ ತಗ್ಗಿಸುವ ಅಭ್ಯಾಸ ಎಲ್ಲ ಕಡೆಯೂ ಮುಂದುವರಿದು ಗೂನಾದ ಮನುಷ್ಯ. ಅವರ ಎಡ ಹುಬ್ಬಿನ ಮೇಲೆ ಹೊಸ ಹೊಲಿಗೆ ಇತ್ತು. ಎಣಿಸಿದೆ, ಐದು.

"ಇದೇನಾ ತಲೆ ತೊಳೆಯೋ ಜಾಗ?" ರೂನಾ ಕೇಳಿದರು.

"ಒಂದು ಲೆಕ್ಕಕ್ಕೆ ಹೌದು," ಎಂದೆ.

"ತಗೋ. ಮೂಸ್ ಮಾಂಸ, ಹೋದ ವರ್ಷದ ಬೇಟೇದು. ಡಾಕ್ಟ್ರಿಗೆ ಕೊಡು."

"ನಾವು ಏನೂ ತಗೊಳ್ಳೋ ಹಾಗಿಲ್ಲ."

"ಯಾರ ಮಗಳೇ ನೀನು? ಮಾತು ನಮ್ಮ ಕಡೇದಿದೆಯಲ್ಲ."

ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ನನ್ನ ತಂದೆಯ ಹೆಸರು ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಸಿಗ್ವಾರ್ಡನ ಮಗಳು ಬಿಳಿ ಕೋಟು ಹಾಕ್ಕೊಂಡವ್ಳೆ! ಸರಿ ಹಾಗಾದ್ರೆ. ನಿನ್ನ ಹತ್ರ ಮಾತಾಡಬಹುದು. ಡಬ್ಬಿ ನೀನಿಟ್ಕೋ."

"ಹುಬ್ಬಿಗೆ ಏನಾಯ್ತು?" ಎಂದು ನಾನು ಹಿಲ್ಡಿಂಗ್ ಅವರನ್ನು ಕೇಳಿದೆ.

"ಸೌನಾ ಸ್ನಾನದ ಮನೆ ಮೆಟ್ಟಿಲು. ಹಬೆಗೆ ಜಾರಿದೆ," ಎಂದರು. ರೂನಾ ಗೋಡೆ ನೋಡುತ್ತಿದ್ದರು. ನಾನು ನಂಬಿದೆ, ಹಾಗೆಯೇ ಬರೆದುಕೊಂಡೆ.

ಆಗ ಅವರಿಗೆ ಅರವತ್ತೆರಡು. ಮೂವತ್ತನಾಲ್ಕು ವರ್ಷ ಕಸಾಯಿಖಾನೆಯಲ್ಲಿ ದನ ಮತ್ತು ಹಿಮಸಾರಂಗ ಕಡಿಯುವ ಕೆಲಸ ಮಾಡಿದವರು. ಯಾವ ತುಂಡು ಯಾವ ಪೆಟ್ಟಿಗೆಗೆ ಎನ್ನುವುದು ತಪ್ಪತೊಡಗಿದ ಮೇಲೆ ಹಿಂದಿನ ವರ್ಷ ಕೆಲಸ ಬಿಟ್ಟಿದ್ದರು. ನಮ್ಮಲ್ಲಿ ಆಗ ಆಲ್‌ಝೈಮರ್‌ನ ಹೊಸ ಔಷಧದ ಪ್ರಯೋಗ ನಡೆಯುತ್ತಿತ್ತು. ನಾನು ಆ ಪ್ರಯೋಗದ ನರ್ಸ್.

ಡಾಕ್ಟರ್ ಬ್ರೂಮಾನ್ ಹತ್ತು ಪದ ಓದಿ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ರೂನಾ ನಾಲ್ಕು ಹೇಳಿದರು. ಐದನೆಯದಕ್ಕೆ ಹುಡುಕಾಡಿ, ಮುಖ ಕೆಂಪಾಗಿ ಮೇಜು ಗುದ್ದಿದರು.

"ದಿಂಬು, ಕಹಳೆ, ನಿಂಬೆಹಣ್ಣು! ಯಾರ ಮನೆ ಸಾಮಾನು ಡಾಕ್ಟ್ರೇ ಇವೆಲ್ಲ? ನನಗ್ಯಾಕೆ ಬೇಕು? ನನ್ನ ತಂಡದ ಹೆಸರು ಕೇಳಿ. ಹತ್ತೊಂಬತ್ತು ವರ್ಷದಿಂದ ಬೇಟೆ ತಂಡದ ಮುಂದಾಳು ನಾನು. ಮಾಂಸ ಪಾಲು ಹಾಕೋ ದಿನ ಬೆನ್ನು ತಿರುಗಿಸಿ ನಿಂತು ಒಂಬತ್ತು ಹೆಸರು ಕೂಗೋಳು ನಾನು."

ಎದ್ದು ನಿಂತರು. ಡಾಕ್ಟರಿಗೆ ಬೆನ್ನು ಹಾಕಿ ಕಿಟಕಿಯತ್ತ ಮುಖ ಮಾಡಿ, ಯಾರಿಗೋ ದೂರದವರಿಗೆ ಕೂಗುವಂತೆ ಒಂದೊಂದೇ ಹೆಸರು ಹೇಳಿದರು. ಟೂರೆ, ಎಗೊನ್, ಸಿಕ್ಸ್ಟೆನ್ ಎಂದು ಶುರುವಾಗಿ ಕೊನೆಗೆ ಹಿಲ್ಡಿಂಗ್, ರೂನಾ. ಒಂಬತ್ತೂ ಬಂದವು. ತಿರುಗಿ ಕೂತು, "ಬರ್ಕೊಳ್ಳಿ," ಎಂದರು.

ಡಾಕ್ಟರ್ ಔಷಧದ ವಿಷಯ ಹೇಳಿದರು. ಮಿದುಳಿನಲ್ಲಿ ಕಸದಂತೆ ಗಟ್ಟಿಯಾಗುವ ಒಂದು ಪ್ರೋಟೀನನ್ನು ಈ ಔಷಧ ಹುಡುಕಿ ಹಿಡಿದು ತೆಗೆಯುತ್ತದೆ. ಎರಡು ವಾರಕ್ಕೊಮ್ಮೆ ನರದಲ್ಲಿ ಡ್ರಿಪ್. ರೋಗ ಆರಂಭದಲ್ಲಿದ್ದವರಿಗೆ ಮಾತ್ರ. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಮಿದುಳು ಊದಬಹುದು, ರಕ್ತ ಜಿನುಗಬಹುದು.

"ಕೊಟ್ಟಿಗೆಯಿಂದ ಸಗಣಿ ಬಾಚಿದ ಹಾಗೆ," ಎಂದರು ರೂನಾ.

"ಹೆಚ್ಚುಕಮ್ಮಿ ಹಾಗೇ."

"ಬಾಚಿದ್ರೆ ಸತ್ತ ಹಸು ಎದ್ದು ನಿಲ್ಲಲ್ಲ ತಾನೇ?"

"ನಿಲ್ಲಲ್ಲ. ಉಳಿದಿರೋ ಹಸು ಇನ್ನೊಂದಷ್ಟು ದಿನ ಉಳೀಬಹುದು."

ಆ ಉತ್ತರ ಅವರಿಗೆ ಹಿಡಿಸಿತು. ಆದರೆ ಡಾಕ್ಟರ್ ಮುಂದೆ ಇನ್ನೊಂದು ಮಾತು ಹೇಳಬೇಕಿತ್ತು. ಬಾಕಿ ಪರೀಕ್ಷೆಗಳಲ್ಲಿ ರೋಗ ಖಚಿತವಾದರೆ, ರೂನಾ ಬಳಿ ಬಂದೂಕು ಇರುವುದರಿಂದ, ಕಾನೂನಿನ ಪ್ರಕಾರ ತಾನು ಪೊಲೀಸರಿಗೆ ಬರೆಯಬೇಕಾಗುತ್ತದೆ ಎಂದರು.

ರೂನಾ ಎದ್ದು ನಿಂತರು. ಆಮೇಲೆ ಒದ್ದರು. ನನ್ನ ತಳ್ಳುಗಾಡಿ ಗೋಡೆಗೆ ಬಡಿದು ಮಗುಚಿತು. ಆಗಷ್ಟೇ ಅವರಿಂದ ತೆಗೆದಿದ್ದ ರಕ್ತದ ನಾಲ್ಕು ಶೀಷೆಗಳು ನೆಲಕ್ಕೆ ಬಿದ್ದು ಒಡೆದವು. ಡಾಕ್ಟರ್ ಏಳುವ ಮೊದಲೇ ಅವರ ಕೊರಳಪಟ್ಟಿ ರೂನಾ ಕೈಯಲ್ಲಿತ್ತು. "ಹನ್ನೊಂದು ದಿನ! ಬೇಟೆಗೆ ಹನ್ನೊಂದು ದಿನ ಇದೆ. ಈಗ ನನ್ನ ಬಂದೂಕು ಕೇಳ್ತೀಯಾ?"

"ರೂನಾ," ಎಂದರು ಹಿಲ್ಡಿಂಗ್, ಜೋರಾಗಿಯೂ ಅಲ್ಲ.

ಕೈ ಬಿಟ್ಟರು. ನೆಲ ನೋಡಿದರು. ನಾನು ಒರೆಸಲು ಬಗ್ಗಿದಾಗ ನನ್ನನ್ನು ಪಕ್ಕಕ್ಕೆ ಸರಿಸಿ, "ಬಿಡು, ನನ್ನ ರಕ್ತ, ನಾನೇ ಒರೆಸ್ತೀನಿ. ನಿನಗೆ ಬರಲ್ಲ," ಎಂದು ಮಂಡಿಯೂರಿದರು. ನಿಜ, ನನಗೆ ಬರುತ್ತಿರಲಿಲ್ಲ. ಹೊರಗಿನಿಂದ ಒಳಕ್ಕೆ, ಒಂದು ಹನಿ ಹರಡದಂತೆ, ಗಾಜಿನ ಚೂರನ್ನು ಬಟ್ಟೆಯ ನಡುವೆ ಕೂಡಿಸಿ, ಮೂರು ಸಲಕ್ಕೆ ನೆಲ ಮೊದಲಿನಂತಾಯಿತು. ಕೈ ತೊಳೆದು ಹೊರಟುಹೋದರು. ಪರೀಕ್ಷೆ ಮುಗಿಯದೆ ಪೊಲೀಸರಿಗೆ ಬರೆಯಲು ಬರುವುದಿಲ್ಲ ಎಂದು ಡಾಕ್ಟರ್ ನಿರ್ಧರಿಸಿದರು. 

ಮುಂದಿನದನ್ನು ನಾನು ಹಿಲ್ಡಿಂಗ್ ಅವರಿಂದಲೂ, ರೂನಾ ಅವರ ತಮ್ಮ ಟೂರೆಯಿಂದಲೂ ಕೇಳಿ ತಿಳಿದೆ. ಇಬ್ಬರೂ ಹೇಳಿದ್ದು ಒಂದೇ.

ನಮ್ಮ ಕಡೆ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ಒಂದು ಮಾತು. ತಾಯಿ ಮತ್ತು ಕರು ಜೊತೆಯಾಗಿ ಬಂದರೆ ಮೊದಲು ಕರು, ಆಮೇಲೆ ತಾಯಿ. ತಾಯಿಯನ್ನು ಮೊದಲು ಹೊಡೆದರೆ ಕರು ಒಂಟಿಯಾಗಿ ಕಾಡಿಗೆ ಓಡಿ, ಚಳಿಗಾಲದಲ್ಲಿ ಹಸಿದು ಸಾಯುತ್ತದೆ. ಹಾಗೆ ಮಾಡಿದವರನ್ನು ಊರು ಇಪ್ಪತ್ತು ವರ್ಷ ನೆನಪಿಡುತ್ತದೆ. ತಂಡಕ್ಕೆ ಹೊಸಬರು ಬಂದಾಗ ಅವರ ಕಿವಿ ಹಿಂಡಿ ರೂನಾ ಆ ಮಾತನ್ನು ಮೂರು ಸಲ ಹೇಳಿಸುತ್ತಿದ್ದರಂತೆ.

ಬೇಟೆಯ ಎರಡನೇ ದಿನ, ಮಂಗಳವಾರ. ರೂನಾ ಜೌಗಿನ ಅಂಚಿನಲ್ಲಿ ಕೂತಿದ್ದರು, ನಾಯಿ ಆಚೆಯಿಂದ ಅಟ್ಟುತ್ತಿತ್ತು. ಕುದುರೆಯೆತ್ತರದ ತಾಯಿ ಮೂಸ್ ಪೈನ್ ಮರಗಳ ಸಂದಿಯಿಂದ ಹೊರಬಂತು, ಅದರ ಪಕ್ಕೆಗೆ ಅಂಟಿಕೊಂಡು ಕರು. ಒಂದು ಗುಂಡು. ತಾಯಿ ಮುಂಗಾಲು ಮಡಚಿ ಜೌಗಿಗೆ ಮೂತಿ ಊರಿತು. ಕರು ಓಡಿತು, ಅರ್ಧ ದಾರಿಗೆ ನಿಂತಿತು, ವಾಪಸು ಬಂತು. ತಾಯಿಯ ಹೊಟ್ಟೆಗೆ ತಲೆಯಿಂದ ಗುಮ್ಮಿತು.

ಬೇಟೆಯ ಸಣ್ಣ ರೇಡಿಯೊದಲ್ಲಿ ಟೂರೆ ಕೇಳಿದ: "ಅಕ್ಕಾ, ಬಿತ್ತಾ?"

"ತಾಯಿ ಬಿತ್ತು."

"ಕರು?"

"ಯಾವ ಕರು?"

ಟೂರೆ ಕಾಲು ಕಿಲೋಮೀಟರ್ ಓಡಿ ಬಂದ. ಕರು ರೂನಾ ಅವರಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು, ತಾಯಿಯ ಸುತ್ತ ಸುತ್ತುತ್ತ ಅರಚುತ್ತಿತ್ತು. ರೂನಾ ಬಂದೂಕು ತೊಡೆಯ ಮೇಲಿಟ್ಟು ಬುತ್ತಿಯಿಂದ ರೊಟ್ಟಿ ತೆಗೆದು ತಿನ್ನುತ್ತಿದ್ದರು. ಟೂರೆ ಕರುವನ್ನು ಹೊಡೆದ. ಮೊದಲ ಗುಂಡು ಸೊಂಟಕ್ಕೆ ಬಿತ್ತು. ಕರು ಹಿಂಗಾಲು ಎಳೆದುಕೊಂಡೇ ತಾಯಿಯತ್ತ ತೆವಳಿತು. ಎರಡನೆಯದು ಕಿವಿಯ ಹಿಂದೆ.

ಆಗ ರೂನಾ ತಲೆ ಎತ್ತಿ ನೋಡಿದರು. ತಾಯಿಯ ಮೇಲಿನ ಗಾಯ, ಅದರ ಮೇಲೆ ಆಗಲೇ ಒಣಗುತ್ತಿದ್ದ ರಕ್ತ, ಬಿಸಿ ಆರದ ಕರು. ಯಾವುದು ಮೊದಲು ಬಿದ್ದದ್ದು ಎಂದು ಓದಲು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೊಟ್ಟಿ ಜೌಗಿಗೆ ಎಸೆದರು.

ಮಾಂಸ ಹದಕ್ಕೆ ಬರಲೆಂದು ತೂಗುಹಾಕಿದ ನಾಲ್ಕು ದಿನವೂ ಆ ಬಗ್ಗೆ ಯಾರೂ ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಟೂರೆ ಈಗ ಹೇಳುತ್ತಾನೆ. ಶನಿವಾರ ಕೊಯ್ಯುವ ಶೆಡ್ಡಿನಲ್ಲಿ ಹಲಗೆಯ ಮೇಲೆ ಒಂಬತ್ತು ರಾಶಿ ಹಾಕಿದರು. ಒಬ್ಬ ಒಂದು ರಾಶಿಗೆ ಬೆರಳು ತೋರಿಸಿ "ಇದು ಯಾರಿಗೆ?" ಎನ್ನಬೇಕು, ಬೆನ್ನು ತಿರುಗಿಸಿ ನಿಂತ ಮುಂದಾಳು ಒಂದು ಹೆಸರು ಕೂಗಬೇಕು. ರಾಶಿ ಕಾಣದೆ ಕೂಗಿದ್ದರಿಂದ ಯಾರಿಗೂ ತಕರಾರಿಲ್ಲ. ರೂನಾ ಮೂಳೆ ಬಿಡಿಸುವ ಚಾಕು ಕೈಯಲ್ಲಿದ್ದಂತೆಯೇ ಬಾಗಿಲತ್ತ ತಿರುಗಿ ನಿಂತರು.

"ಇದು ಯಾರಿಗೆ?"

"ಟೂರೆ."

"ಇದು?"

"ಸಿಕ್ಸ್ಟೆನ್."

"ಇದು?"

"ಎಲ್ನಾ."

ಎಲ್ನಾ ಅವರ ತಾಯಿ. ಸತ್ತು ಇಪ್ಪತ್ತೇಳು ವರ್ಷವಾಗಿತ್ತು.

ತಂಡದ ಎಗೊನ್ ನಕ್ಕ. ಕೆಟ್ಟವನಲ್ಲ, ಗಾಬರಿಯಾದಾಗ ನಗುವವನು. "ಮುದುಕಿಗೆ ಪಾಲು ಸರಿ, ಒಂಟಿ ಕರೂಗೂ ಒಂದು ಪಾಲು ಹಾಕೇ ರೂನಾ!"

ರೂನಾ ತಿರುಗಿದರು. ಮೊದಲ ಏಟು ಎಗೊನ್‌ನ ಬಾಯಿಗೆ ಬಿತ್ತು, ಎಡಗೈ ಮುಷ್ಟಿ. ಮುಂದಿನ ಎರಡು ಹಲ್ಲು ಹಲಗೆಯ ಮೇಲೆ ಉರುಳಿದವು. ಅವನು ಬಿದ್ದ ಮೇಲೂ ಬಿಡಲಿಲ್ಲ, ಎದೆಗೆ ಮಂಡಿ ಕೊಟ್ಟು ಕೂತರು. ಬಲಗೈ ಮೇಲೆದ್ದಿತು. ನಡುವೆ ಒಂದು ತೋಳು ಬಂತು. ಚಾಕು ಆ ತೋಳಿನ ಒಂದು ಮಗ್ಗುಲಿಂದ ಹೊಕ್ಕು ಇನ್ನೊಂದು ಮಗ್ಗುಲಿಂದ ಹೊರಬಂತು.

ತೋಳು ಹಿಲ್ಡಿಂಗ್ ಅವರದು. ಅವರು ಕಿರುಚಲಿಲ್ಲ. "ನಾನು ಕಣೇ," ಎಂದರಂತೆ. "ರೂನಾ, ನಾನು."

"ಯಾವನೋ ನೀನು?" ಎಂದು ಕೇಳಿದರು ಅವರು, ಹಿಡಿ ಬಿಡದೆ. ಒಂದು ಉಸಿರು, ಎರಡು ಉಸಿರು. ಆಮೇಲೆ ಮುಖ ಬದಲಾಯಿತು. ಚಾಕು ಎಳೆಯಲಿಲ್ಲ, ಎಳೆದರೆ ರಕ್ತ ಚಿಮ್ಮುತ್ತದೆ ಎಂದು ಆ ಕೈಗೆ ಗೊತ್ತಿತ್ತು. ತನ್ನ ಬೆಲ್ಟ್ ಬಿಚ್ಚಿ ಮೇಲ್ತೋಳಿಗೆ ಬಿಗಿದು, ಟೂರೆಗೆ ಕಾರು ತೆಗೆಯಲು ಹೇಳಿದರು. ಶೆಡ್ಡಿನಲ್ಲಿ ಏಳು ರಾಶಿ ಹಾಗೇ ಉಳಿದವು.

ಪೊಲೀಸರು ಕೇಳಿದಾಗ ತಂಡದ ಎಂಟು ಜನರೂ ಕೈತಪ್ಪು ಎಂದರು. ಬಾಯಿ ಬಾತುಕೊಂಡಿದ್ದ ಎಗೊನ್ ಸಹ ಅದನ್ನೇ ಹೇಳಿದ. ಒಂಬತ್ತನೆಯವರಾದ ರೂನಾ ಸೋಮವಾರ ತಮ್ಮ ನಾಲ್ಕು ಬಂದೂಕುಗಳನ್ನು ಕಾರಿನಲ್ಲಿ ಹಾಕಿಕೊಂಡು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಠಾಣೆಗೆ ಹೋದರು. "ಕೈತಪ್ಪಲ್ಲ. ಕೊಲ್ಲೋಕೇ ಎತ್ತಿದ್ದು," ಎಂದು ಬರೆಸಿದರು. ಆ ಪ್ರಕರಣ ಮುಂದೆ ಕಾಯಿಲೆಯ ಕಾರಣದಿಂದ ಮುಚ್ಚಿಹೋಯಿತು. ಬಂದೂಕುಗಳು ವಾಪಸು ಬರಲಿಲ್ಲ.

ಎರಡು ವಾರದ ನಂತರ ಅವರು ಮತ್ತೆ ನನ್ನ ಎದುರು ಕೂತಿದ್ದರು. ಈ ಸಲ ಡಬ್ಬಿ ಇರಲಿಲ್ಲ. ಹಿಲ್ಡಿಂಗ್ ಅವರ ತೋಳು ಜೋಳಿಗೆಯಲ್ಲಿ ತೂಗುತ್ತಿತ್ತು.

"ಬರ್ಕೋ ತಂಗಿ. ಸೌನಾ ಮೆಟ್ಟಿಲೂ ಇಲ್ಲ, ಮಣ್ಣೂ ಇಲ್ಲ. ಆ ಹುಬ್ಬು ನಾನೇ ಒಡೆದದ್ದು, ಕಾಫಿ ಕೆಟಲಿನಿಂದ. ಬೆಳಗ್ಗೆ ಎದ್ದು ಬಂದೆ, ನನ್ನ ಅಡಿಗೆಮನೇಲಿ ಯಾವನೋ ಗಂಡಸು ನಿಂತಿದ್ದ. ಹೊಡೆದೆ. ಬಿದ್ದ ಮೇಲೆ ನೋಡಿದ್ರೆ ಇವನು."

"ಕಾಫಿ ಚೆಲ್ಲಿದ್ದಕ್ಕೇ ಅವಳಿಗೆ ಜಾಸ್ತಿ ಬೇಜಾರಾಗಿದ್ದು," ಎಂದರು ಹಿಲ್ಡಿಂಗ್. ಹೆಂಡತಿ ನಗಲಿಲ್ಲ.

ರೂನಾ ಅಂಗಿಯ ಕೊರಳು ಸರಿಸಿ ಕತ್ತಿನ ಕೆಳಗಿನ ಮೂಳೆ ತೋರಿಸಿದರು. ಅಲ್ಲೊಂದು ಗಂಟು ಇತ್ತು. "ಇದು ಅಮ್ಮ ಮುರಿದದ್ದು, ಒಲೆ ಕೆದಕೋ ಕಬ್ಬಿಣದಿಂದ. ಅವಳಿಗೂ ಇದೇ ರೋಗ, ಇದೇ ವಯಸ್ಸಿಗೆ. ನಾನೂ ಸುಮ್ನಿರಲಿಲ್ಲ. ವಾಪಸ್ ಹೊಡೆದೆ. ಕುದುರೆ ಪಟ್ಟಿ ತಗೊಂಡು ಮಂಚಕ್ಕೆ ಕಟ್ಟಿದೆ. ಆರು ತಿಂಗಳು ಕಟ್ಟೇ ಇಟ್ಟೆ. ಮಣಿಕಟ್ಟಿನ ಚರ್ಮ ಕಿತ್ತು ಬಂದಿತ್ತು. ಊರಿಗೆಲ್ಲ ಗೊತ್ತಿತ್ತು, ಒಬ್ಬರೂ ಕೇಳಲಿಲ್ಲ." ಗಂಡನತ್ತ ಗದ್ದ ಎತ್ತಿ ತೋರಿಸಿದರು. "ಇವನು ನನ್ನ ಕಟ್ಟಲ್ಲ. ನೊಣಾನೂ ಕಿಟಕಿ ತೆಗೆದು ಆಚೆ ಬಿಡ್ತಾನೆ. ನಿಂತು ಹೊಡೆಸಿಕೊಂಡು ಸಾಯ್ತಾನೆ. ಡಾಕ್ಟ್ರೇ, ದಿಂಬು ಕಹಳೆ ಎಲ್ಲ ನೀವೇ ಇಟ್ಕೊಳ್ಳಿ. ನನಗೆ ಈ ಕೈ ಇವನ ಮೇಲೆ ಹೋಗಬಾರದು, ಅಷ್ಟೇ."

ಡಾಕ್ಟರ್ ಬ್ರೂಮಾನ್ ಆ ಭರವಸೆ ಕೊಡಲಿಲ್ಲ. ಈ ಔಷಧ ಏಳುವ ಕೈಯನ್ನು ತಡೆಯುವುದಿಲ್ಲ, ರೋಗದ ನಡಿಗೆಯನ್ನು ನಿಧಾನ ಮಾಡಬಹುದು ಎಂದರು. "ನಿಧಾನವಾದ್ರೂ ಆಗ್ಲಿ, ಹಾಕಿ," ಎಂದರು ರೂನಾ. ಬೆನ್ನುಹುರಿಯಿಂದ ನೀರು ತೆಗೆಯುವಾಗ ಅಲುಗಾಡಲಿಲ್ಲ. ಸ್ಕ್ಯಾನಿನ ಕೊಳವೆಯೊಳಗೆ ನಿದ್ದೆ ಹೋದರು. ಪರೀಕ್ಷೆಗಳೆಲ್ಲ ಹೌದು ಎಂದವು. ನವೆಂಬರ್ ಮೊದಲ ಗುರುವಾರ ಮೊದಲ ಡ್ರಿಪ್.

ಎರಡು ವಾರಕ್ಕೊಮ್ಮೆ ಹಿಮದ ರಸ್ತೆಯಲ್ಲಿ ಬಂದರು. ಮುಂದೆ ರಸ್ತೆ ನೋಡುತ್ತ ಕಾರು ಓಡಿಸುವ ಹಿಲ್ಡಿಂಗ್, ಹಿಂದಿನ ಸೀಟಿನಲ್ಲಿ ರೂನಾ. ಪಕ್ಕದಲ್ಲಿ ಕೂರುವುದಿಲ್ಲ ಎಂದು ಅವರೇ ನಿಯಮ ಮಾಡಿಕೊಂಡಿದ್ದರು. ಡ್ರಿಪ್ ಹನಿಯುವ ಒಂದು ಗಂಟೆ ನನಗೆ ಪಾಠ. ಮೂಳೆಯ ಸಂದು ಎಲ್ಲಿ ಬಿಡಿಸಬೇಕು, ಹಸು ಹೆದರದಂತೆ ಹೇಗೆ ಹತ್ತಿರ ಹೋಗಬೇಕು. "ನೀನು ಸೂಜಿ ಹಿಡ್ಕೊಂಡು ಎದುರಿಗೇ ಬರ್ತೀಯಲ್ಲ, ಅದು ತಪ್ಪು. ಪಕ್ಕದಿಂದ ಬಾ."

ಆರನೆಯ ಡ್ರಿಪ್ ಜನವರಿಯಲ್ಲಿ ಆಗಬೇಕಿತ್ತು. ಬಂದಾಗಲೇ ತಲೆನೋವು ಎಂದಿದ್ದರು. ನಾನು ಡಾಕ್ಟರಿಗೆ ಹೇಳಿದೆ. ಡ್ರಿಪ್ ಹಾಕುವುದು ಬೇಡ, ಮೊದಲು ಸ್ಕ್ಯಾನ್ ಎಂದರು. ಆದರೆ ರಕ್ತ ತೆಗೆಯಲು ನರದಲ್ಲಿ ಸೂಜಿ ಆಗಲೇ ಕೂತಿತ್ತು. ಹೇಳಿಬಂದು ಬಾಗಿಲು ತೆರೆದಾಗ ಅವರು ಎದ್ದು ನಿಂತಿದ್ದರು. ನಾನು ಎದುರಿನಿಂದಲೇ ಹೋದೆ.

ಡ್ರಿಪ್ ತೂಗುಹಾಕುವ ಕಬ್ಬಿಣದ ಕಂಬ ಅವರ ಎರಡೂ ಕೈಯಲ್ಲಿತ್ತು. ಮೊದಲ ಹೊಡೆತಕ್ಕೆ ನಾನು ಕೈ ಅಡ್ಡ ಕೊಟ್ಟೆ. ಮಣಿಕಟ್ಟು ಒಣಕಡ್ಡಿಯಂತೆ ಸದ್ದು ಮಾಡಿತು. ಎರಡನೆಯದು ಕಿಟಕಿಗೆ. ಗಾಜು ನಮ್ಮಿಬ್ಬರ ಮೇಲೂ ಬಿತ್ತು. ಅವರ ತೋಳಿನಿಂದ ಸೂಜಿ ಕಿತ್ತು ಬಂದು ರಕ್ತ ಮೊಣಕೈಯಿಂದ ಇಳಿಯುತ್ತಿತ್ತು. ಅವರು ಯಾರನ್ನೋ ಬೇಡಿಕೊಳ್ಳುತ್ತಿದ್ದರು: "ಕಟ್ಟಬೇಡ, ಕಟ್ಟಬೇಡ ಕಣೇ." ಹಿಲ್ಡಿಂಗ್ ಓಡಿ ಬಂದು ಹಿಂದಿನಿಂದ ತಬ್ಬಿ ಹಿಡಿದರು. ರೂನಾ ತಲೆಯನ್ನು ಹಿಂದಕ್ಕೆ ಬಡಿದು ಅವರ ಮೂಗು ಮುರಿದರು. ಅವರು ಬಿಡಲಿಲ್ಲ. ಮೂಗಿನ ರಕ್ತ ಹೆಂಡತಿಯ ನರೆಗೂದಲಿಗೆ ಸುರಿಯುತ್ತಿತ್ತು. ಆಮೇಲೆ ಆ ಗಟ್ಟಿ ದೇಹ ಒಮ್ಮೆಲೇ ಸೆಟೆದು ಫಿಟ್ಸ್ ಬಂತು. ಮೂವರೂ ನೆಲಕ್ಕೆ ಹೋದೆವು.

ಸ್ಕ್ಯಾನಿನಲ್ಲಿ ಮಿದುಳು ಒಂದು ಕಡೆ ಊದಿತ್ತು, ಎರಡು ಕಡೆ ರಕ್ತ ಜಿನುಗಿತ್ತು. ಔಷಧ ನಿಲ್ಲಿಸಿದರು. ಮೂರು ವಾರ ಆಸ್ಪತ್ರೆಯಲ್ಲಿದ್ದರು, ಊತ ಇಳಿಯಿತು. ಹೊರಡುವ ದಿನ ನನ್ನ ಪ್ಲಾಸ್ಟರ್ ಹಾಕಿದ ಕೈ ನೋಡಿ ಕೇಳಿದರು.

"ಎದುರಿಂದ ಬಂದ್ಯಾ?"

"ಬಂದೆ."

"ಹೇಳಿದ್ನಲ್ಲ," ಎಂದರು. ನನ್ನ ಪ್ಲಾಸ್ಟರಿನ ಮೇಲೆ ತುದಿಯಿಲ್ಲದ ಬೆರಳು ಇಟ್ಟು ತೆಗೆದರು.

ಅವರಿಗೆ ಸಿಕ್ಕಿದ್ದು ಉಪ್ಪುನೀರಲ್ಲ, ಔಷಧವೇ ಇರಬೇಕು ಎಂದು ಡಾಕ್ಟರ್ ಆಗ ಊಹಿಸಿದರು. ವಸಂತದಲ್ಲಿ ಮತ್ತೆ ಮಾಡಿದ ಸ್ಕ್ಯಾನಿನಲ್ಲಿ ಕಸ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ನೆನಪಿನ ಪರೀಕ್ಷೆಯ ಅಂಕ ಇದ್ದಲ್ಲೇ ಇತ್ತು. ಔಷಧದಿಂದಲೋ, ಈ ರೋಗ ಕೆಲವರಲ್ಲಿ ತಾನಾಗಿಯೇ ಹಾಗೆ ನಿಂತು ನಡೆಯುವುದರಿಂದಲೋ, ಹೇಳಲು ಒಬ್ಬ ರೋಗಿ ಸಾಲುವುದಿಲ್ಲ. ನಾನು ಅದನ್ನು ಹಾಗೆಯೇ ಬರೆದಿಟ್ಟಿದ್ದೇನೆ.

ಮೇ ತಿಂಗಳ ಒಂದು ಬೆಳಗ್ಗೆ ಏಳೂವರೆಗೆ ನನಗೆ ಫೋನ್ ಬಂತು.

"ತಂಗಿ, ಬರ್ಕೋ. ಈಗಷ್ಟೇ ಇವನ ಕತ್ತು ಹಿಸುಕ್ತಿದ್ದೆ."

"ಹಿಲ್ಡಿಂಗ್ ಎಲ್ಲಿ?"

"ಇಲ್ಲೇ ನೆಲದ ಮೇಲೆ ಕೂತವ್ನೆ. ಕೆಮ್ತಾ ಇದಾನೆ. ನನ್ನ ಹೆಬ್ಬೆರಳು ಎರಡೂ ಅವನ ಗಂಟಲ ಗುಳಿಯಲ್ಲಿತ್ತು ಕಣೇ. ನಾಲಿಗೆ ಹೊರಗೆ ಬಂದಿತ್ತು. ಆಗ ಗುರುತು ಸಿಕ್ತು. ಸಿಗದೇ ಇದ್ದಿದ್ರೆ?"

ಹಿಂದಿನಿಂದ ಹಿಲ್ಡಿಂಗ್ ಅವರ ಒಡೆದ ದನಿ: "ಏನೂ ಆಗಿಲ್ಲ ಅಂತ ಹೇಳು ಅವಳಿಗೆ."

ಮರುದಿನ ಇಬ್ಬರೂ ಬಂದರು. ಹಿಲ್ಡಿಂಗ್ ಕತ್ತಿಗೆ ಸ್ಕಾರ್ಫ್ ಸುತ್ತಿದ್ದರು. ಬಿಚ್ಚಿಸಿ ನೋಡಿದೆ, ಎರಡು ಹೆಬ್ಬೆರಳು ಕಪ್ಪಾಗಿ ಮೂಡಿದ್ದವು. ಡಾಕ್ಟರ್ ಬ್ರೂಮಾನ್ ಇನ್ನೊಂದು ಪ್ರಯೋಗದ ಬಗ್ಗೆ ಹೇಳಿದರು. ಮಾತ್ರೆ. ಕಸದ ತಂಟೆಗೆ ಹೋಗುವುದಿಲ್ಲ. ಈ ರೋಗದಲ್ಲಿ ಏಳುವ ರೋಷವನ್ನು ತಗ್ಗಿಸಬಹುದೇ ಎಂದು ನೋಡುವ ಮಾತ್ರೆ.

"ಎಲ್ಲರಿಗೂ ಕೆಲಸ ಮಾಡುತ್ತಾ?"

"ಕೆಲವರಿಗೆ ಮಾಡ್ತಿರೋ ಹಾಗೆ ಕಾಣುತ್ತೆ."

"ಉಳಿದವರ ಗಂಡಂದಿರು?"

ಡಾಕ್ಟರ್ ಹಿಲ್ಡಿಂಗ್ ಅವರ ಕತ್ತಿನತ್ತ ನೋಡಿದರು.

"ಮಾತ್ರೆ ತಿಂತೀನಿ," ಎಂದರು ರೂನಾ. "ಆದ್ರೆ ಇವನಿರೋ ಮನೇಲಿ ಕೂತು ತಿನ್ನಲ್ಲ. ನಮ್ಮ ಪಕ್ಕದೂರಿನ ಆರೈಕೆ ಮನೇಲಿ ಜಾಗ ಕೇಳಿ. ಅಲ್ಲಿ ಗಂಡಸರು ಇದ್ದಾರೆ, ಗಟ್ಟಿ ಹುಡುಗೀರಿದ್ದಾರೆ, ನಾಲ್ಕು ಜನ ಸೇರಿ ಹಿಡೀತಾರೆ."

ಹಿಲ್ಡಿಂಗ್ ಎದ್ದು ನಿಂತರು. ಅವರು ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮೂವತ್ತೆಂಟು ವರ್ಷ! ನಾನು ಯಾವತ್ತಾದ್ರೂ ದೂರು ಹೇಳಿದ್ನೇನೇ?"

"ಅದೇ ಕಣೋ ನಿನ್ನ ರೋಗ. ಅದಕ್ಕೆ ಇವರ ಹತ್ರ ಔಷಧ ಇಲ್ಲ."

"ನಾನು ಕಳಿಸಲ್ಲ."

"ನೀನು ಕಳಿಸ್ತಿಲ್ಲ, ನಾನು ಹೋಗ್ತಿದೀನಿ. ಮುಂದಿನ ವರ್ಷ ಆದ್ರೆ ನನಗೆ ಹೋಗೋಕೆ ಗೊತ್ತಾಗಲ್ಲ. ಕೂತ್ಕೋ."

ಅವರು ಕೂತರು. ಸ್ಕಾರ್ಫ್ ಮುಖಕ್ಕೆ ಒತ್ತಿಕೊಂಡರು.

ಸಹಿ ಹಾಕಿಸುವ ಮೊದಲು, ರೂನಾ ಅವರಿಗೆ ತಾವು ಏನು ಮಾಡುತ್ತಿದ್ದೇವೆಂಬ ಅರಿವಿದೆ ಎಂದು ಡಾಕ್ಟರ್ ಖಚಿತ ಮಾಡಿಕೊಳ್ಳಬೇಕಿತ್ತು. ಪ್ರಶ್ನೆಗಳ ಹಾಳೆ ತೆಗೆದರು. ರೂನಾ ಅದನ್ನು ಪಕ್ಕಕ್ಕೆ ತಳ್ಳಿ ಎದ್ದು, ನಮಗೆ ಬೆನ್ನು ಹಾಕಿ, ಹೊಸ ಗಾಜು ಹಾಕಿದ್ದ ಕಿಟಕಿಯ ಮುಂದೆ ನಿಂತರು.

"ಕೇಳು ತಂಗಿ. ಬೆರಳು ತೋರಿಸಿ ಕೇಳಬೇಕು."

ಅಲ್ಲಿ ರಾಶಿ ಇರಲಿಲ್ಲ. ಖಾಲಿ ಮೇಜಿಗೆ ಬೆರಳು ತೋರಿಸಿ, "ಇದು ಯಾರಿಗೆ?" ಎಂದೆ. ಒಂಬತ್ತು ಸಲ ಕೇಳಿದೆ. ಒಂಬತ್ತು ಹೆಸರು ಬಂದವು. ಅವುಗಳಲ್ಲಿ ಸತ್ತವರು ಯಾರೂ ಇರಲಿಲ್ಲ. ಎಗೊನ್ ಹೆಸರಿಗೆ ಬಂದಾಗ "ಹಲ್ಲು ಕಟ್ಟಿಸ್ಕೊಂಡವ್ನೆ, ಗಟ್ಟಿ ತುಂಡು ಕೊಡ್ಬೇಡ" ಎಂದು ಸೇರಿಸಿದರು. ತಿರುಗಿ ಬಂದು ಸಹಿ ಹಾಕಿದರು.

ಇದಾಗಿ ಎರಡು ವರ್ಷ ದಾಟಿದೆ. ಮಾತ್ರೆಯ ಪ್ರಯೋಗ ಮುಗಿದಿದೆ, ಅದರ ಫಲಿತಾಂಶ ಇನ್ನೂ ಬಂದಿಲ್ಲ. ಈ ನಡುವೆ ರೂನಾ ಒಬ್ಬ ಆರೈಕೆಯ ಹುಡುಗಿಯ ಕೆನ್ನೆಗೆ ಹೊಡೆದಿದ್ದಾರೆ, ಒಂದು ಬಾಗಿಲು ಮುರಿದಿದ್ದಾರೆ. ಹಿಲ್ಡಿಂಗ್ ಅವರನ್ನು ಮುಟ್ಟಿಲ್ಲ. ಅವರು ದಿನಾ ಎರಡು ಗಂಟೆಗೆ ಬಂದು ನಾಲ್ಕಕ್ಕೆ ಹೋಗುತ್ತಾರೆ, ಉದ್ದ ಮೇಜಿನ ಆಚೆ ತುದಿಗೆ ಕೂರುತ್ತಾರೆ. ಅದು ರೂನಾ ಹಾಕಿದ ನಿಯಮ. ಪಕ್ಕದ ಕುರ್ಚಿಗೆ ಬಂದರೆ ಈಗಲೂ "ಆಚೆ ಹೋಗೋ, ದಡ್ಡ" ಎಂದು ಗದರುತ್ತಾರೆ. ಗದರಿದ ದಿನ ಗುರುತು ಇದೆ ಎಂದು ಲೆಕ್ಕ.

ಸೆಪ್ಟೆಂಬರಿನಲ್ಲಿ ಟೂರೆ ಬಂದು ರೂನಾ ಅವರನ್ನು ಶೆಡ್ಡಿಗೆ ಕರೆದೊಯ್ಯುತ್ತಾನೆ. ಕೈಗೆ ಏನೂ ಕೊಡುವುದಿಲ್ಲ. ಹೋದ ಸಲ ಏಳು ಹೆಸರು ಕೂಗಿದರು, ಉಳಿದೆರಡು ರಾಶಿಯನ್ನು ಹೆಸರು ಬಾರದ ಇಬ್ಬರು ತಾವೇ ಎತ್ತಿಕೊಂಡರು.

ರೂನಾ ಸ್ಟೆನ್‌ವಾಲ್ ಈಗ ಪಕ್ಕದೂರಿನ ಆರೈಕೆ ಮನೆಯ ನಾಲ್ಕನೇ ಕೋಣೆಯಲ್ಲಿದ್ದಾರೆ. ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಅಲ್ಲಿನ ಅಡಿಗೆಮನೆಗೆ ಆಲೂಗಡ್ಡೆ ತೊಳೆದು ಕೊಡುತ್ತಾರೆ. ಚಾಕುವಿನಿಂದ ಹೆಚ್ಚುವ ಕೆಲಸ ಬೇರೆಯವರು ಮಾಡುತ್ತಾರೆ.